ಹತ್ತೊಂಬತ್ತನೇ ಹೆಜ್ಜೆ

ಹೊಯಿಗೆ ಬಜಾರಿನ ಬೀಗ ಬಿದ್ದ ಹೆಂಚಿನ ಕಾರ್ಖಾನೆ,
ಬಾಡಿಗೆ ದಿನಕ್ಕೆ ಎರಡು ಸಾವಿರ, ಬಾವಲಿಗಳು ಪುಕ್ಕಟೆ.
ಕೋಲಿನ ತುದಿಗೆ ಮೈಕು ಕಟ್ಟಿ ನಿಂತಿದ್ದೆ
ಮೀನು ಬೀಳದ ಗಾಳ ಹಿಡಿದವನ ಹಾಗೆ.

ಡೊಲ್ಫಿ ಹೇಳಿದ: ಹೆದರಿಕೆ ಅಂದರೆ ಬಾಗಿಲಲ್ಲ,
ಬಾಗಿಲಿಗೆ ಮುಂಚಿನ ನೆಲ.
ಮುಖವನ್ನು ಚೌಕಟ್ಟಿನ ಎಡಕ್ಕೆ ಒತ್ತು,
ಬಲಗಡೆಯ ಕತ್ತಲು ಅಷ್ಟೂ ಖಾಲಿ ಇರಲಿ;
ಊಟದ ಪಂಕ್ತಿಯಲ್ಲಿ ಒಂದು ಎಲೆ ಹೆಚ್ಚು ಹಾಕಿದರೆ
ಎಲ್ಲರೂ ಬಾಗಿಲು ನೋಡುತ್ತಾರಲ್ಲ,
ಹಾಗೆ.
ಕ್ಯಾಮೆರಾ ಸರಿಯಲಿ, ಕುಚ್ಚಲಕ್ಕಿ ಬೇಯುವಷ್ಟು ನಿಧಾನ.
ಸಂಗೀತ ಬೇಡ. ಜೀರುಂಡೆಯನ್ನೂ ಆಮೇಲೆ ಕೊಲ್ಲುವ.

ನಡೆಯಬೇಕಾದವಳು ಅಪ್ಪಿಯಕ್ಕ,
ಇದೇ ಶೆಡ್ಡಿನಲ್ಲಿ ಮೂವತ್ತೊಂದು ವರ್ಷ ಹಸಿ ಹೆಂಚು ಹೊತ್ತವಳು.
'ಉಲಾಯಿ ದಾದ ಉಂಡು?' ಬಾಗಿಲು ತೋರಿಸಿ ಕೇಳಿದಳು.
'ದಾದಲಾ ಇಜ್ಜಿ.'
ಏನೂ ಇಲ್ಲದ್ದಕ್ಕೆ ಇಷ್ಟು ಜನವೇ ಎಂದು ನಕ್ಕು
ಎಲೆಯಡಿಕೆ ಉಗುಳಿ ಬಂದಳು.

ಮೊದಲ ಟೇಕು: ಭಟ್ಟಿಯ ಬಾಗಿಲ ತನಕ ಇಪ್ಪತ್ತೆರಡು ಹೆಜ್ಜೆ.
ತುಟಿ ಅಲುಗುತ್ತಿತ್ತು. ಎಣಿಸುತ್ತೀರಾ ಅಂದೆ.
ತಲೆಹೊರೆಯವರಿಗೆ ಕಾಲು ಕಾಣುವುದಿಲ್ಲ ಮಗಾ, ಲೆಕ್ಕವೇ ಕಣ್ಣು.
ಎರಡನೆಯದು: ಇಪ್ಪತ್ತೆರಡು. ಎಲ್ಲ ಸರಿಯಿತ್ತು, ಹೆದರಿಕೆ ಮಾತ್ರ ಇರಲಿಲ್ಲ.
ಡೊಲ್ಫಿ ದೀಪವನ್ನು ನೆಲಕ್ಕಿಳಿಸಿದ. ಅವಳ ನೆರಳು ಮಾಡಿಗೆ ಹತ್ತಿತು.

ಮೂರನೆಯದರಲ್ಲಿ ಹತ್ತೊಂಬತ್ತಕ್ಕೆ ನಿಂತಳು.

ಯಾರೂ ಹೇಳಿರಲಿಲ್ಲ.
ಬಾಗಿಲು ನೋಡಲಿಲ್ಲ, ನೆಲ ನೋಡಿದಳು.
ಸೀರೆಯ ನೆರಿಗೆ ತುಸು ಎತ್ತಿ
ಮಲಗಿದವರನ್ನು ದಾಟದೆ ಬಳಸಿ ಹೋಗುವ ಹಾಗೆ
ಬದಿಗೆ ಸರಿದು, ಮತ್ತೆ ಇಪ್ಪತ್ತು, ಇಪ್ಪತ್ತೊಂದು.
ಕಟ್ ಎನ್ನಲು ಡೊಲ್ಫಿ ಮರೆತ.
ನನ್ನ ಕೋಲು ಚೌಕಟ್ಟಿನೊಳಗೆ ಇಳಿದಿತ್ತು.

ಹಂಪನಕಟ್ಟೆಯ ಮೂರನೇ ಮಾಳಿಗೆ. ಕೆಳಗೆ ಬಸ್ಸಿನವರು
ಜೆಪ್ಪು ಜೆಪ್ಪು ಎಂದು ಕೂಗುತ್ತಾರೆ,
ಮೇಲೆ ನಾನು ಜೀರುಂಡೆ ಅಳಿಸಿದೆ, ನದಿ ಅಳಿಸಿದೆ.
ನಿಂತಲ್ಲಿ ಒಂದು 'ಢಂ' ಹಾಕು ಅಂದ ಡೊಲ್ಫಿ.
ಹಾಕಿದೆ. ಪಕ್ಕದ ಕೋಣೆಯ ಹುಡುಗ ಬೆಚ್ಚಿದ,
ಬೆಚ್ಚಿದ ಮೇಲೆ ನಕ್ಕ, ಚಹಾ ತರಲು ಹೋದ.
ಢಂ ಎಂದರೆ ಬಿಡುಗಡೆ.
ತೆಗೆದೆ.

ಆ ರಾತ್ರಿ ಕೂಲಿ ಕೊಡುವಾಗ ಕೇಳಿದ್ದೆ,
ಅಲ್ಲಿ ಏನಿತ್ತು ಅಪ್ಪಿಯಕ್ಕ?
ನೋಟು ಎಣಿಸುತ್ತಿದ್ದವಳು ತಡೆದಳು.
ಲೆಕ್ಕ ತಪ್ಪಿತು ನೋಡು, ಅಂದಳು.
ಬೆರಳಿಗೆ ಎಂಜಲು ಹಚ್ಚಿ
ಒಂದರಿಂದ ಮತ್ತೆ ಸುರು ಮಾಡಿದಳು.