ಇದ್ಯಾವ ಮಳಿ?

ಇನ್ನಿಸ್‌ಫೇಲ್ ದಾಟಿ ಕಬ್ಬಿನ ಗದ್ದೆ ಮುಗಿದಲ್ಲಿ
ದಾರಿ ತಲೆಯೆತ್ತಿ ಏರತೊಡಗುತ್ತದೆ.
ವೈಪರು ಒರೆಸಿದಷ್ಟೂ ಗಾಜಿಗೆ ಹಸಿರು ಮೆತ್ತುತ್ತದೆ.
ಹಿಂದಿನ ಸೀಟಿನಲ್ಲಿ ಹಾಲು ಕರೆಯುವ ಯಂತ್ರದ
ಹೊಸ ರಬ್ಬರು ಕೊಳವೆಗಳು, ನನ್ನ ಪಾನಾಪೆಟ್ಟಿಗೆ.
ಮುಂದಿನ ಸೀಟಿನಲ್ಲಿ ಚಿಗವ್ವ,
ಮೂರು ತಿಂಗಳ ವೀಸಾ,
ತೊಡೆಯ ಮೇಲೆ ಉಪ್ಪಿನ ಡಬ್ಬಿ.
ಗುಡ್ಡದಾಗ ಜಿಗಳಿ ಇರತಾವಂತ, ಯಾರೋ ಹೆದರಿಸಿದ್ದಾರೆ.

"ಇದ್ಯಾವ ಮಳಿ?"

ಬರೀ ಮಳೆ, ಅಂದೆ.
ಫೆಬ್ರವರಿ ಕೊನೆಗೆ ಇಲ್ಲಿ ಹೀಗೇ.

"ಹೆಸರಿಲ್ಲದ ಮಳಿ ಎಲ್ಲಿರತೈತವ್ವ?"
ಬೆರಳ ಗೆರೆ ಹಿಡಿದಳು:
ರೋಹಿಣಿ, ಮಿರಗ, ಆರಿದ್ರಾ...
ರೋಣದ ಎರೆಹೊಲದಲ್ಲಿ ಬಿತ್ತಿದ್ದು, ಹರಗಿದ್ದು,
ಬದುವಿಗಾಗಿ ದಾಯಾದಿಗಳ ಜೊತೆ ಕಿತ್ತಾಡಿದ್ದು,
ಎಲ್ಲಕ್ಕೂ ಅವಳಲ್ಲಿ ಒಂದು ಮಳೆಯ ಗುರುತು.
ನನ್ನ ಪಾಸ್‌ಪೋರ್ಟಿನಲ್ಲಿ ಇರುವುದು
ಮಾಸ್ತರರು ಬರೆದುಕೊಂಡ ಜೂನ್ ಒಂದು;
ಹುಬ್ಬಿ ಹತ್ತಿದ ಮೂರನೇ ದಿನ, ಬೆಳಗಿನ ಜಾವ
ನಾನು ಹುಟ್ಟಿದ್ದು ಚಿಗವ್ವನಿಗೊಬ್ಬಳಿಗೇ ಗೊತ್ತು.

ವಿಶಾಖಕ್ಕೆ ಬಂದು ಬೆರಳು ನಿಂತಿತು.
ಅದರಾಚೆ ಅವಳ ಲೆಕ್ಕದಲ್ಲಿ
ರಾಶಿ, ಚಳಿ, ಬಿಸಿಲು, ಧೂಳು.

ಮಿಲ್ಲಾ ಮಿಲ್ಲಾದಾಚೆ, ಡೈರಿಯ ಗೇಟು ತೆಗೆಯುತ್ತ
ಗ್ವೆಂಡಾ ನಕ್ಕಳು, ಟೋಪಿಯಂಚಿನಿಂದ ನೀರು ಸುರಿಯುತ್ತಿತ್ತು:
ತಪ್ಪು ಹೊತ್ತಿನಲ್ಲಿ ಕರಕೊಂಡು ಬಂದೆಯಲ್ಲ ಹುಡುಗಿ,
ಬೆಟ್ಟಗಳೆಲ್ಲ ಅಲ್ಲೇ ಇವೆ, ಕಾಣುವುದಿಲ್ಲ ಅಷ್ಟೇ.
ಅವಳು ಕೈ ಮಾಡಿದತ್ತ, ಬಿಳಿಯ ಮಂಜಿನತ್ತ,
ಚಿಗವ್ವ ಮರ್ಯಾದೆಗೆ ಬಹಳ ಹೊತ್ತು ನೋಡಿದಳು.

ನಾನು ಕೊಳವೆ ಬದಲಿಸುವಷ್ಟರಲ್ಲಿ
ಇಬ್ಬರೂ ಕಾಡಿನಂಚಿಗೆ ಹೋಗಿಬಿಟ್ಟಿದ್ದರು.
ಆಳೆತ್ತರದ ಜರಿಗಿಡ, ಮರದ ಮೇಲೆ ಮರ,
ಅದರ ಮೇಲೆ ಪಾಚಿ, ಪಾಚಿಯ ಮೇಲೊಂದು ಕಪ್ಪೆ.
ಅಗಲದ ಒಂದು ಎಲೆಗೆ ಚಿಗವ್ವ ಕೈಚಾಚಿದ್ದೇ
ಗ್ವೆಂಡಾ ಕಿರುಚಿದಳು. ಮುಟ್ಟಿದರೆ ತಿಂಗಳುಗಟ್ಟಲೆ ಉರಿ.
ಓಡಿಹೋಗಿ ಹೇಳಿದೆ.
"ಗೊತ್ತಾತು ಬಿಡು, ತುರಚಿಯ ಬೀಗರು" ಎಂದು
ಕೈ ಸೆರಗಿಗೆ ಒರೆಸಿಕೊಂಡಳು.

ಆಮೇಲೆ ಚಹಾ. ತಗಡಿನ ಸೂರಿನ ಕೆಳಗೆ
ಮಾತು ಕೂಗಿಯೇ ಆಡಬೇಕು.
ಗ್ವೆಂಡಾ ಮಳೆ ಅಳೆಯುವ ವಹಿ ತಂದಳು,
ಅವಳಪ್ಪ ಶುರುಮಾಡಿದ್ದು; ಪೆನ್ಸಿಲಿನಲ್ಲೇ ಎಲ್ಲ,
ಮಸಿಯಾದರೆ ಕದಡುತ್ತದಂತೆ.
ನಿನ್ನೆ: ನೂರಾ ಎಂಬತ್ತನಾಲ್ಕು ಮಿಲಿಮೀಟರ್.
ಎಷ್ಟಾತು, ಅಂದಳು ಚಿಗವ್ವ.
ರೋಣದ ಅರ್ಧ ಮಳೆಗಾಲ, ಅಂದೆ, ಒಂದೇ ರಾತ್ರಿಗೆ.
ಅವಳು ಬಸಿಯಲ್ಲಿದ್ದ ಚಹಾ ಕುಡಿಯಲಿಲ್ಲ.
ಆ ಪುಟದ ಮೇಲೆ, ಅಂಕಿಗಳ ಮೇಲೆ,
ಕಾಳು ನೋಡುವ ಹಾಗೆ ಬೆರಳಾಡಿಸಿದಳು.

"ಹೆಸರು ಎಲ್ಲಿ ಬರದಾರ, ಕೇಳು."

ಸೂರು ಹಾರಿಸುವ ಬಿರುಗಾಳಿಗಷ್ಟೇ
ಇಲ್ಲಿ ಹೆಸರು, ಮನುಷ್ಯರ ಹೆಸರು, ಅಂದಳು ಗ್ವೆಂಡಾ.

"ಕೆಡಿಸಿದ್ದಕ್ಕ ಹೆಸರು ಇಡತಾರ,
ಉಣಿಸಿದ್ದಕ್ಕ ಇಲ್ಲೇನು?"
ಇದನ್ನು ನಾನು ಗ್ವೆಂಡಾಗೆ ಹೇಳಲಿಲ್ಲ.
ದನಗಳು ಯಾಕೋ ಒದರುತ್ತಿದ್ದವು.

ಚಿಗವ್ವ ನಿಂತ ಬೆರಳನ್ನು ಮತ್ತೆ ನಡೆಸಿದಳು,
ಅನುರಾಧಾ, ಜ್ಯೇಷ್ಠಾ, ತುಟಿ ಮಾತ್ರ ಅಲುಗುತ್ತ,
ಯಾವ ಕೂರಿಗೆಯೂ ಕಾಯದ ಹೆಸರುಗಳ ಮೇಲೆ,
ಧನಿಷ್ಠಾ...
"ಶತತಾರೆ!
ಅರವತ್ತಾರು ವರ್ಷ ನೋಡೀನಿ,
ಊರಾಗ ಒಂದು ಹನಿ ಹಾಕಿದ್ದಲ್ಲ ಇದು.
ಇಲ್ಲಿಗೆ ದುಡಿಯಾಕ ಬಂದೈತಿ ನೋಡು,
ನಿನ್ನಂಗ."

ಒಂದೊಂದೇ ಅಕ್ಷರ ಹೇಳಿಕೊಟ್ಟೆ.
ಗ್ವೆಂಡಾ ಪೆನ್ಸಿಲು ನಾಲಿಗೆಗೆ ತಾಗಿಸಿ
ಅಂಚಿನಲ್ಲಿ ಬರೆದಳು, ಒಂದು 'ತ' ಬಿಟ್ಟು.
ತಿದ್ದಲು ಹೋಗಲಿಲ್ಲ.

ಇಳಿಯುವಾಗ ಮೂರನೇ ತಿರುವಿನಲ್ಲಿ
"ತಡಿ, ತಡಿ" ಅಂದಳು. ಹಿಮ್ಮಡಿಯ ಮೇಲೆ,
ಕಾಲುಂಗುರದಷ್ಟು ದಪ್ಪಗೆ, ಒಂದು ಜಿಗಳಿ.
ಕಾರು ನಿಲ್ಲಿಸಿ ಡಬ್ಬಿ ತೆಗೆದರೆ
ಉಪ್ಪೆಲ್ಲ ನೀರು.
ಇಬ್ಬರೂ ಅದನ್ನೇ ನೋಡುತ್ತ ಕೂತೆವು,
ಅದು ಸಾಕೆನ್ನುವವರೆಗೆ ಕುಡಿದು
ತಾನಾಗಿ ಉದುರಿತು.