ಓಜೆಲ್ಲಾಳ ಕಿವಿ

ಕಾರು ನಿಲ್ಲಿಸುವ ಚಪ್ಪರದಡಿ, ಎಣ್ಣೆ ಇಳಿದ ಸಿಮೆಂಟಿನ ಮೇಲೆ
ಒಂದು ಖಾಲಿ ಕಾಫಿ ಡಬ್ಬ.
ಹದಿನೈದು ಹೆಜ್ಜೆ ಈಚೆಗೆ ನಾನು, ವರ್ನೆಲ್ ಪೆಟ್ವೇ,
ಐವತ್ತೆರಡರ ಕ್ಷೌರಿಕ, ಕೈಯಲ್ಲಿ ಏಳಡಿಯ ಗಾಳದ ಕೋಲು.
ಮಡಚುಕುರ್ಚಿಯಲ್ಲಿ ಸೋದರತ್ತೆ ಓಜೆಲ್ಲಾ,
ಎರಡೂ ಕಣ್ಣಿಗೆ ಗಂಜಿ ತಿಳಿಯಂಥ ಮಬ್ಬು,
ತೊಡೆಯ ಮೇಲೆ ನೊಣ ಹೊಡೆಯುವ ಪ್ಲಾಸ್ಟಿಕ್ ಬೀಸಣಿಗೆ.

"ದಾರ ಬಿಡು. ರೀಲಿನ ಮಟ್ಟಕ್ಕೆ ತೂಗಲಿ ಹುಳು.
ಎಡಗೈಯಲ್ಲಿ ಹಿಡಿ. ಹಿಸುಕಬೇಡ, ನಿಂಬೆಹಣ್ಣಲ್ಲ ಅದು.
ಕೋಲಿನ ತುದಿ ಕೆಳಗೆ. ಮಣಿಕಟ್ಟು ಮಾತ್ರ ಎತ್ತು,
ತೋಳನ್ನು ಅಂಗಡಿಯಲ್ಲೇ ಬಿಟ್ಟು ಬಾ."

ಠಣ್.
"ಡಬ್ಬದಿಂದ ಒಂದು ಗೇಣು ಬಲಕ್ಕೆ," ಅಂದಳು.
ಅಲ್ಲಿ ಹುಲ್ಲು ಕತ್ತರಿಸುವ ಯಂತ್ರ ಇತ್ತು.
ಠಣ್ ಅಂದದ್ದು ಅದೇ.

ರೀಲಿನೊಳಗೆ ಗುಬ್ಬಿ ಗೂಡು ಕಟ್ಟಿತು, ಸಂಜೆಗೆ ನಾಲ್ಕು ಸಲ.
ಬಿಡಿಸಿದೆ. ಸಿಕ್ಕು ಬಿಡಿಸುವುದು ನನಗೆ ಹೊಸದಲ್ಲ,
ಮೂವತ್ತು ವರ್ಷ ಊರಿನ ತಲೆಗಳನ್ನೇ ಬಿಡಿಸಿದವನು.
ಆದರೆ ಕೂದಲು ಓಡುವುದಿಲ್ಲ, ದಾರ ಓಡುತ್ತದೆ.
ಹೆಬ್ಬೆರಳು ಒತ್ತಿದರೆ ಹುಳು ಅರ್ಧದಲ್ಲೇ ಸಾಯುತ್ತದೆ,
ಎತ್ತಿದರೆ ಗೂಡು.
"ನಡುವೆ ಏನಿದೆ ಅತ್ತೆ?"
"ನಡುವೆ ನೀನಿದ್ದೀಯ. ಇನ್ನೊಂದು ಸಲ."

ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದ ಕೈ ಅವಳದು.
ಒಮ್ಮೆ ಇಡೀ ಪಂದ್ಯ ಗೆದ್ದಳು, ದೋಣಿ ಸಮೇತ.
ಆ ದಿನ ಗಂಡಸರು ಅವಳ ಮೀನನ್ನಲ್ಲ,
ತಕ್ಕಡಿಯನ್ನೇ ಎರಡು ಸಲ ಪರೀಕ್ಷಿಸಿದರಂತೆ.
ಇದನ್ನು ಹೇಳುವಾಗ ನಗುವುದಿಲ್ಲ ಅವಳು.
ಬೀಸಣಿಗೆ ಒಂದು ನೊಣ ಕೊಲ್ಲುತ್ತದೆ.

ಏಪ್ರಿಲಿನಲ್ಲಿ ಕ್ಯಾಡೋ ಸರೋವರಕ್ಕೆ ಹೋದೆವು.
ಅವಳನ್ನು ದೋಣಿಗೆ ಇಳಿಸುವುದೇ ಅರ್ಧ ಗಂಟೆ.
ಸೈಪ್ರೆಸ್ ಮರಗಳು ಸೊಂಟದವರೆಗೆ ನೀರಲ್ಲಿ,
ಮೇಲಿಂದ ಬೂದಿ ಪಾಚಿ, ನಾನು ಕತ್ತರಿಸದೆ ಬಿಟ್ಟ ಗಡ್ಡದ ಹಾಗೆ.
"ಬೇರಿನ ಬುಡಕ್ಕೆ. ನೆರಳು ಎಲ್ಲಿ ದಪ್ಪ ಇದೆಯೋ ಅಲ್ಲಿ.
ಎತ್ತರಕ್ಕೆ ಬೇಡ, ನೀರನ್ನು ಸವರಿಕೊಂಡು ಹೋಗಲಿ.
ಮೀನಿಗೆ ಬಾಗಿಲು ತಟ್ಟಿದ್ದು ಗೊತ್ತಾಗಬಾರದು."

ಎಸೆದೆ.
"ಇಟ್ಟಿಗೆ," ಅಂದಳು.
ಎಸೆದೆ. "ಆಮೆ."
"ಆಮೆ."
"ಕಪ್ಪೆ. ಪರವಾಗಿಲ್ಲ, ಸಣ್ಣ ಕಪ್ಪೆ."
ನನಗೆ ಹೆಮ್ಮೆಯಾಯಿತು, ಮತ್ತೆ ಇಟ್ಟಿಗೆ ಬಿತ್ತು.
ಒಂದು ಪಾಚಿಗೆ ಸಿಕ್ಕಿ ಅಲ್ಲೇ ತೂಗಾಡಿತು, ಅವಳು ಕಾದಳು, ಕಾದಳು,
"ಆಕಾಶದಲ್ಲಿ ಬಾಸ್ ಮೀನಿಲ್ಲ, ವರ್ನೆಲ್."

ಬಿಸಿಲೇರಿತು. ಸ್ಯಾಂಡ್‌ವಿಚ್ಚಿನ ಬ್ರೆಡ್ಡು ಬೆವರಿತು.
ಹೆಬ್ಬೆರಳಿನ ಚರ್ಮ ಸುಟ್ಟು ಮಿನುಗುತ್ತಿತ್ತು.
ಅದನ್ನು ನೋಡುವಾಗ ಯಾಕೋ ಕ್ಲೋವಿಸ್ ಡಾಟ್ರೀ ನೆನಪಾದ,
ಆಸ್ಪತ್ರೆಯ ಹಾಸಿಗೆಯಲ್ಲಿ ನಾನು ಮಾಡಿದ ಅವನ ಕೊನೆಯ ಕ್ಷೌರ.
ಒಣಗಿದ ಗಂಟಲು, ಎಲ್ಲೆಲ್ಲೂ ಸಡಿಲ ಚರ್ಮ.
ಕಿವಿಯ ಕೆಳಗೆ ಈ ಬೆರಳನ್ನೇ ಇಟ್ಟು ಎಳೆದಿದ್ದೆ,
ಬಿಗಿಯಾಗುವಷ್ಟು. ನೋಯದಷ್ಟು.
ಕತ್ತಿ ಹೋದದ್ದು ಅವನಿಗೆ ತಿಳಿದಿರಲಿಲ್ಲ.
"ಶುರು ಮಾಡಪ್ಪಾ" ಅಂದಿದ್ದ, ನಾನು ಟವೆಲ್ ಮಡಚುವಾಗ.

ಹುಳುವನ್ನು ಬಿಟ್ಟೆ.
ದಾರ ಬೆರಳಿನಡಿ ಓಡಿತು, ಕೂದಲಿನಷ್ಟೇ ತೂಕ,
ತುದಿಯಲ್ಲಿ ಸ್ವಲ್ಪ ತಡೆದೆ, ಇಲ್ಲ, ಬೆರಳೇ ತಡೆಯಿತು.
ಎರಡು ಬೇರುಗಳ ಸಂದಿಯಲ್ಲಿ ನೀರು ತೆರೆದುಕೊಂಡಿತು,
ಮುಚ್ಚಿಕೊಂಡಿತು. ಒಂದು ಬಳೆ ಕೂಡ ಹರಡಲಿಲ್ಲ.

ಅತ್ತೆ ತಲೆ ಓರೆ ಮಾಡಿ ಕೂತಿದ್ದಳು.
ದೂರದಲ್ಲಿ ಯಾರದೋ ಮೋಟಾರು ಕೆಮ್ಮಿ ನಿಂತಿತು.
"ಎಸೆಯೋ ಮಾರಾಯ," ಅಂದಳು,
"ಏನು ಕಾಯ್ತಾ ಇದ್ದೀಯ?"

ನಾನು ಉತ್ತರಿಸಲಿಲ್ಲ.
ದಾರ ಎಡಕ್ಕೆ ನಡೆಯುತ್ತಿತ್ತು.