ಅತೀ ಜೋರಿನಿಂದ ಮತ್ತು ನಿಷ್ಕಾಳಜಿಯಿಂದ

ಸಾವಂತ್ರೆವ್ವ ಕೋಂ ಪರಪ್ಪ ಬಣ್ಣದ,
ವಯಾ ನಲವತ್ತಮೂರು, ಉದ್ಯೋಗ ನೇಕಾರಿಕೆ,
ಸಾಕಿನ್ ಗುಳೇದಗುಡ್ಡ.
ಇಷ್ಟು ಖರೇ ಐತಿ ಆ ಕಾಗದದಾಗ.
ಮುಂದಿನ ಸಾಲಿನಿಂದ ವಕೀಲರ ಮಾತು:
‘ಸದರಿ ಕ್ರೂಸರ್ ವಾಹನದ ಚಾಲಕನು
ಅತೀ ಜೋರಿನಿಂದ ಮತ್ತು ನಿಷ್ಕಾಳಜಿಯಿಂದ ನಡೆಸಿ...’
ಮೂರು ಸಲ ಓದಿ ಹೇಳಿದರು.
ಮೂರು ಸಲ ಹೂಂ ಅಂದೆ.

ಸದರಿ ಚಾಲಕ ಅಂದ್ರ ನಮ್ಮ ಓಣಿ ಗ್ಯಾನಪ್ಪ.
ಬಾಣಂತೇರನ್ನ ದವಾಖಾನಿಗೆ ಒಯ್ದರ
ರೊಕ್ಕ ಮುಟ್ಟತಿದ್ದಿಲ್ಲ.

ಇಳಕಲ್ಲಿನಾಗ ಕುಬಸ ಮುಗಿಸಿ ಹೊಂಟಿದ್ವಿ,
ಹದಿನೇಳು ಮಂದಿ, ಹತ್ತು ಮಂದಿ ಗಾಡ್ಯಾಗ.
ಅಮೀನಗಡದಾಗ ಕೊಂಡ ಕರದಂಟಿನ ಡಬ್ಬಿ
ನನ್ನ ತೊಡಿ ಮ್ಯಾಲೆ.
ಅವನ ಕಿವಿಗೂ ಭುಜಕ್ಕೂ ನಡಕ ಫೋನು,
ಒಂದು ಕೈ ಸ್ಟೇರಿಂಗಿಗೆ, ಇನ್ನೊಂದು ಕಿಡಕಿ ಹೊರಗ.
ತಿರುವಿನಾಗ ಕೆಂಪು ಬಸ್ಸು ಹಿಂದ ಹಾಕಿದಾಗ
ಹೆಂಗಸರು ನಾವೆಲ್ಲ ಹೋ ಅಂತ ಒದರಿದ್ವಿ.
ನಾನೂ ಒದರಿದೆ.
ಅದು ಅರ್ಜಿಯೊಳಗ ಇಲ್ಲ.

ಕಮತಗಿ ದಾಟಿದ ಮ್ಯಾಲೆ ಕತ್ತಲ.
ಕಬ್ಬಿನ ಟ್ರ್ಯಾಕ್ಟರ್, ಬೆನ್ನಿಗೆ ಎರಡು ಟ್ರೇಲರ್,
ಒಂದು ಕೆಂಪು ದೀಪಿಲ್ಲ, ಹೊಳಿಯೂ ಪಟ್ಟಿಲ್ಲ,
ಹಾಡು ಮಾತ್ರ ಹರದಾರಿ ದೂರ ಕೇಳೂವಂಗ.
ಹಾಡು ನಮಗ ಕೇಳಿಸಿತ್ತು.
ಹಾಡಿನ ಹಿಂದ ಟ್ರ್ಯಾಕ್ಟರ್ ಐತಂತ
ಯಾರಿಗೆ ಹೊಳೀಬೇಕು?

ಕಬ್ಬು ಗಾಡಿಯೊಳಗ ಬಂತು.
ಡಬ್ಬಿ ಮುಚ್ಚಳಾ ಸೈತ ಕಿತ್ತಿದ್ದಿಲ್ಲ.
ಅದರ ಮ್ಯಾಲಿದ್ದ ಕೈಯಾಗ
ಹೆಬ್ಬಟ್ಟು, ಅದರ ಬಾಜೂಕಿನ ಎರಡು ಬೆರಳು
ಇನ್ನೂ ಅದಾವ ಅನ್ನೂದು ಅಷ್ಟ,
ಚಾದ ಕಪ್ಪು ಹಿಡಿದ್ರ ಬಿಸಿ ಅನಸೂದಿಲ್ಲ.

ಟ್ರ್ಯಾಕ್ಟರಿಗೆ ನಂಬರಿಲ್ಲ, ವಿಮೆ ಇಲ್ಲ,
ಕಾರ್ಖಾನಿ ಸಾಲಿನಾಗ ಹೋಗಿ ನಿಂತ್ರ
ಎಲ್ಲಾವೂ ಒಂದ ಥರದವು.
ವಿಮೆ ಇದ್ದದ್ದು ಕ್ರೂಸರಿಗೆ.
‘ಅದಕ್ಕ ತಪ್ಪೂ ಕ್ರೂಸರಿಂದ ಇರಬೇಕು ನೋಡವಾ’
ಅಂದರು ವಕೀಲರು,
ನವನಗರದ ಕೋರ್ಟಿನ ಬೇವಿನ ಗಿಡದ ಕೆಳಗ.

ಡಾಕ್ಟರ್ ಬರದದ್ದು: ಬಲಗೈ ಐವತ್ನಾಲ್ಕು ಪ್ರತಿಶತ,
ಇಡೀ ದೇಹಕ್ಕ ಹದಿನೆಂಟು.
ಹಾಸು ಕೆಚ್ಚೂದು ಎಷ್ಟು ಪ್ರತಿಶತ ಅಂತ
ನಾ ಕೇಳಲಿಲ್ಲ, ಅವರು ಹೇಳಲಿಲ್ಲ.
ಹಳೇ ಎಳಿ ತುದಿಗೆ ಹೊಸಾ ಎಳಿ ತುದಿ,
ಬೂದಿ ಹಚ್ಚಿದ ಹೆಬ್ಬಟ್ಟಿಲೆ ಒಂದು ಹೊಸಿತ,
ಹಿಂಗ ಎರಡು ಸಾವಿರದ ಮ್ಯಾಲೆ.
ಕಣ್ಣು ಬ್ಯಾಡ ಅದಕ್ಕ, ಬೆರಳ ನೋಡತಿದ್ದವು.

ಕಂಪನಿ ವಕೀಲ ಎದ್ದು ನಿಂತ.
ದಿನಕ್ಕ ಎಷ್ಟು ಖಣ? ಪಗಾರ ಚೀಟಿ ಐತೇನು?
ಮಗ್ಗ ನಿನ್ನದೋ, ಗಂಡನದೋ?
ಕಡೀಕ: ‘ಜೋರ ಹೊಡಿಬ್ಯಾಡ ಅಂತ ಅಂದಿದ್ದೇನು?’
ಅಂದಿದ್ದೆ ರೀ, ಅಂದೆ.
ಟೈಪಿನ ಹುಡುಗಿ ಅದನ್ನ ಬಡಕೊಂಡ್ಲು.
ಪಂಖಾ ತಿರಗತಿತ್ತು.

ತಿಂಗಳಿಗೆ ಒಂಬತ್ತು ಸಾವಿರ ಅಂತ ಹಿಡದು
ಹನ್ನೆರಡರಿಂದ ಗುಣಿಸಿ,
ನನ್ನ ವಯಸ್ಸಿಗೆ ಹದಿನಾಲ್ಕರಿಂದ ಗುಣಿಸಿ,
ಅದರಾಗ ನೂರಕ್ಕ ಹದಿನೆಂಟು ತಗದು:
ಎರಡು ಲಕ್ಷ ಎಪ್ಪತ್ತೆರಡು ಸಾವಿರದ ನೂರಾ ಅರವತ್ತು.
ನೋವು ಮತ್ತು ಯಾತನೆಗೆ ಬ್ಯಾರೆ ನಲವತ್ತು ಸಾವಿರ.
ಅರ್ಧ ಬ್ಯಾಂಕಿನಾಗ, ಮೂರು ವರ್ಷ ಮುಟ್ಟೂವಂಗಿಲ್ಲ.
ನೋವು ಒಂದು, ಯಾತನೆ ಒಂದು,
ಎರಡಕ್ಕೂ ಸೇರಿಸಿ.

ಗ್ಯಾನಪ್ಪನ ಹೆಂಡತಿ ಕಾಶವ್ವನೂ ಅರ್ಜಿ ಹಾಕಿದ್ಲು.
ತಪ್ಪು ಮಾಡಿದವನ ಮಂದಿಗೆ ಪರಿಹಾರ ಬರೂದಿಲ್ಲ.
ತಪ್ಪು ಅವಂದು ಅನ್ನಾಕ
ಸಾಕ್ಷಿ ಕಟಕಟಿಯಾಗ ನಿಂತು ಹೇಳಿದವರ ಪೈಕಿ
ಮೊದಲನೇದಾಕಿ ನಾನು.

ಈಗ ಆಕಿನ ಬರತಾಳ ನಮ್ಮ ಮನಿಗೆ ಕೆಚ್ಚಾಕ.
ಹಾಸಿಗೆ ಇಷ್ಟು ಅಂತ ಕೊಡತೀನಿ,
ಮಂದಿ ಕೊಡೂದಕ್ಕಿಂತ ಐವತ್ತು ಹೆಚ್ಚಿಗಿ.
ಎಣಿಸಿ, ಐವತ್ತು ತಿರುಗಿ ಕೊಡತಾಳ.

ನಿನ್ನೆ ಸಂಜಿಮುಂದ, ತಲಿ ಎತ್ತಲಾರದ,
ಕೈಯಾಗಿನ ಎಳಿ ಬಿಡಲಾರದ ಕೇಳಿದ್ಲು:
‘ಯಕ್ಕಾ, ಅವತ್ತ ಅಂವ ಭಾಳ ಜೋರ ಹೊಡದಿದ್ನೇನು?’

ಬಟ್ಟಲದಾಗ ಬೂದಿ ತೀರಿತ್ತು.
ಎಡಗೈಲೆ ಒಲಿ ಕೆದರಿ,
ತುಂಬಿ ತಂದು,
ಆಕಿ ಮುಂದ ಸರಿಸಿದೆ.